ಆರೋಪಿಯ ಬಾಯಿಗೆ ಬಂದ ಹಾಡು

1939ರ ನವೆಂಬರ್ 17ರಂದು ನಾಜಿಗಳು ಚೆಕ್ ನಾಡಿನ ವಿಶ್ವವಿದ್ಯಾಲಯಗಳಿಗೆಲ್ಲ ಬೀಗ ಹಾಕಿದರು. ವಿದ್ಯಾರ್ಥಿ ಸಂಘಗಳ 9 ಮಂದಿಯನ್ನು ಕೊಂದರು. ಸಾವಿರಕ್ಕೂ ಹೆಚ್ಚು ಹುಡುಗರನ್ನು ಸಾಕ್ಸನ್‌ಹೌಸನ್ ಸೆರೆಶಿಬಿರಕ್ಕೆ ಸಾಗಿಸಿದರು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಯಿರ್ಝಿ ಬ್ರ್ದೆಚ್ಕಾ ಎಂಬ ಹುಡುಗನ ಓದು ಅಲ್ಲಿಗೆ ನಿಂತಿತು. ಅವನಿಗಿನ್ನೂ 22 ತುಂಬಿರಲಿಲ್ಲ. ಚಿತ್ರ ಬರೆಯಲು ಬರುತ್ತಿತ್ತು, ನಗಿಸಲು ಬರುತ್ತಿತ್ತು. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆಯತೊಡಗಿದ. 1940ರಲ್ಲಿ ಒಂದು ವಾರಪತ್ರಿಕೆಯಲ್ಲಿ ಅವನ ಕತೆಗಳು ಬರತೊಡಗಿದವು. ಅವುಗಳ ನಾಯಕ ಅಮೆರಿಕದ ಕೌಬಾಯ್. ಗುಂಡು ಹೊಡೆಯುವುದರಲ್ಲಿ ಅವನಿಗೆ ಸರಿಸಾಟಿಯಿಲ್ಲ, ಆದರೆ ಹೆಂಡ ಮುಟ್ಟುವವನಲ್ಲ. ಕುಡಿಯುವುದು ನಿಂಬೆ ಶರಬತ್ತು ಮಾತ್ರ. ಹೆಸರು ಲೆಮನೇಡ್ ಜೋ.

ಆ ಕಾಲದ ಚೆಕ್ ಹುಡುಗರು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದುತ್ತಿದ್ದ ಅಗ್ಗದ ಕಾದಂಬರಿಗಳ ಒಂದು ಮಾಲೆಯಿತ್ತು. ಅದರ ಹೆಸರು ರೊಡೊಕಾಪ್ಸ್, ಅಂದರೆ ಜೇಬಿಗೆ ಹಿಡಿಸುವ ಕಾದಂಬರಿ. ಕುದುರೆ, ಪಿಸ್ತೂಲು, ಕಳ್ಳರು, ಕೊನೆಯ ಪುಟದಲ್ಲಿ ನ್ಯಾಯ. ಬ್ರ್ದೆಚ್ಕಾ ಕೀಟಲೆ ಮಾಡಿದ್ದು ಆ ಕಾದಂಬರಿಗಳನ್ನು ಗುರಿಯಾಗಿಟ್ಟುಕೊಂಡೇ. ಆದರೆ ಆ ಕೀಟಲೆಯಲ್ಲಿ ತಾತ್ಸಾರವಿರಲಿಲ್ಲ, ಅಕ್ಕರೆಯಿತ್ತು. ಆ ಹುಚ್ಚು ಕಾದಂಬರಿಗಳನ್ನು ಅವನು ಮನಸಾರೆ ಓದಿ ಬೆಳೆದಿದ್ದ. ಮುಂದೆ ಚೆಕೊಸ್ಲೊವಾಕಿಯದ ಸಿನಿಮಾ ಹಾಡು, ಅಪರಾಧ, ವಿಡಂಬನೆ ಈ ಮೂರನ್ನೂ ಒಂದೇ ಎಳೆಗೆ ಪೋಣಿಸುವ ಬಗೆಯನ್ನು ಕಂಡುಕೊಂಡಿತಲ್ಲ, ಆ ಕತೆಯ ಒಂದು ತುದಿ ಬೀಗ ಬಿದ್ದ ಆ ವಿಶ್ವವಿದ್ಯಾಲಯದ ಬಾಗಿಲಲ್ಲಿದೆ.

ಇನ್ನೊಂದು ತುದಿ ಅದಕ್ಕಿಂತ ಬಹಳ ಹಳೆಯದು. ಬೊಹೇಮಿಯ ಮತ್ತು ಮೊರಾವಿಯದ ಜಾತ್ರೆಗಳಲ್ಲಿ, ದೇವಾಲಯದ ಉತ್ಸವಗಳಲ್ಲಿ ಹಾಡು ಮಾರುವವರು ಬರುತ್ತಿದ್ದರು. ಒಂದು ಕೋಲಿಗೆ ದೊಡ್ಡ ಬಟ್ಟೆಯನ್ನೋ ಹಲಗೆಯನ್ನೋ ತೂಗುಹಾಕುವುದು. ಅದರ ಮೇಲೆ ಚೌಕ ಚೌಕವಾಗಿ ಚಿತ್ರ: ಗಂಡ ಹೆಂಡತಿಯನ್ನು ಕೊಂದದ್ದು, ದರೋಡೆಕೋರ ಕಾಡಿನಲ್ಲಿ ಕಾದು ಕುಳಿತದ್ದು, ಕೊನೆಗೆ ಗಲ್ಲುಗಂಬ. ಹಾಡುಗಾರ ಉದ್ದನೆಯ ಕಡ್ಡಿಯಿಂದ ಒಂದೊಂದೇ ಚೌಕವನ್ನು ತೋರಿಸುತ್ತ ಕೊಲೆಯ ಕತೆಯನ್ನು ಹಾಡುತ್ತಿದ್ದ. ಹಾಡು ಮುಗಿದ ಮೇಲೆ ಅದನ್ನೇ ಅಚ್ಚು ಹಾಕಿದ ಪುಟ್ಟ ಹೊತ್ತಗೆಯನ್ನು ಕಾಸಿಗೆ ಮಾರುತ್ತಿದ್ದ. ಅಪರಾಧದ ಸುದ್ದಿ ಜನರನ್ನು ತಲುಪುತ್ತಿದ್ದದ್ದೇ ರಾಗದ ಮೇಲೆ. ಸಿನಿಮಾಕ್ಕೆ ಬೇಕಾದ ಮೂರರಲ್ಲಿ ಎರಡು, ಕೊಲೆ ಮತ್ತು ಹಾಡು, ಅಲ್ಲಿಯೇ ಜೊತೆಯಾಗಿದ್ದವು. ಆ ಹಾಡುಗಳಲ್ಲಿ ಇಲ್ಲದ್ದು ಸಂಶಯ. ಅಪರಾಧಿ ಯಾರೆಂಬುದು ಮೊದಲ ಚೌಕದಲ್ಲೇ ಗೊತ್ತು, ಗಲ್ಲು ಕೊನೆಯ ಚೌಕದಲ್ಲಿ ನಿಶ್ಚಿತ.

ಸಂಶಯವನ್ನು ತಂದವರು 1920 ಮತ್ತು 30ರ ದಶಕಗಳಲ್ಲಿ ಪ್ರಾಗ್‌ನ ಓಸ್ವೊಬೊಜೆನೆ ದಿವಾದ್ಲೊ, ಅಂದರೆ ವಿಮುಕ್ತ ರಂಗಭೂಮಿಯ ಜೋಡಿ: ಯಿರ್ಝಿ ವೊಸ್ಕೊವೆಟ್ಸ್ ಮತ್ತು ಯಾನ್ ವೆರಿಖ್. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಇಬ್ಬರೂ ಪರದೆಯ ಮುಂದೆ ಬಂದು ನಿಂತು ಅಂದಿನ ದಿನದ ರಾಜಕೀಯವನ್ನು ಆಶುವಾಗಿ ಮಾತಾಡುತ್ತಿದ್ದರು. ಹಾಡುಗಳಿಗೆ ರಾಗ ಹಾಕುತ್ತಿದ್ದವನು ಯಾರೊಸ್ಲಾವ್ ಯೆಝೆಕ್. ಅವನಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ, ಜಾಝ್ ಸಂಗೀತ ಅವನ ಬೆರಳ ತುದಿಯಲ್ಲಿತ್ತು. 1937ರಲ್ಲಿ ಈ ಮೂವರೂ ಸೇರಿ 'ಲೋಕ ನಮ್ಮದು' ಎಂಬ ಚಿತ್ರ ಮಾಡಿದರು, ನಿರ್ದೇಶಕ ಮಾರ್ಟಿನ್ ಫ್ರಿಚ್. ಫ್ಯಾಸಿಸ್ಟ್ ಗುಂಪೊಂದರ ಸಂಚನ್ನು ಇಬ್ಬರು ವಿದೂಷಕರು ಹಾಡುತ್ತ ಕುಣಿಯುತ್ತ ಬಯಲಿಗೆಳೆಯುವ ಕತೆ ಅದು. ಅಪರಾಧಿ ಬೀದಿಯ ಕಳ್ಳನಲ್ಲ, ಅಧಿಕಾರಕ್ಕೆ ಬರಲು ಹೊಂಚುಹಾಕಿದವನು. ಮರುವರ್ಷವೇ ರಂಗಭೂಮಿ ಮುಚ್ಚಿತು. ಮೂವರೂ ಅಮೆರಿಕಕ್ಕೆ ಹೊರಟುಹೋದರು. ಯೆಝೆಕ್ 1942ರ ಹೊಸವರ್ಷದ ದಿನ ನ್ಯೂಯಾರ್ಕಿನಲ್ಲಿ ತೀರಿಕೊಂಡ.

ಯುದ್ಧ ಮುಗಿಯಿತು. 1945ರ ಆಗಸ್ಟ್‌ನಲ್ಲಿ ಸಿನಿಮಾ ಉದ್ಯಮವೆಲ್ಲ ಸರಕಾರದ್ದಾಯಿತು. 1948ರ ಫೆಬ್ರವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ ಖಾಸಗಿ ಪ್ರಕಾಶಕರೂ ಇಲ್ಲವಾದರು. ಅಗ್ಗದ ಪತ್ತೇದಾರಿ, ಕೌಬಾಯ್ ಕತೆ, ಜಾಝ್ ಇವೆಲ್ಲ ಬೂರ್ಜ್ವಾ ಕೊಳೆ ಎಂಬ ಹಣೆಪಟ್ಟಿ ಹೊತ್ತವು. ಆಮೇಲೆ 1952ರ ನವೆಂಬರ್ ಬಂತು.

ಆ ತಿಂಗಳು ಪ್ರಾಗ್‌ನ ಪಾಂಕ್ರಾಟ್ಸ್‌ನಲ್ಲಿ ಪಕ್ಷದ ಮಾಜಿ ಪ್ರಧಾನ ಕಾರ್ಯದರ್ಶಿ ರುಡಾಲ್ಫ್ ಸ್ಲಾನ್ಸ್ಕಿ ಮತ್ತು ಇತರ 13 ಮಂದಿಯ ವಿಚಾರಣೆ ನಡೆಯಿತು. ದೇಶದ್ರೋಹ, ಬೇಹುಗಾರಿಕೆ, ಬುಡಮೇಲು ಕೃತ್ಯ ಎಂದು ಆರೋಪ. ಎಲ್ಲವೂ ಕಟ್ಟುಕತೆ. ಆರೋಪಿಗಳಿಗೆ ಪ್ರಶ್ನೆಯನ್ನೂ ಉತ್ತರವನ್ನೂ ಮೊದಲೇ ಬಾಯಿಪಾಠ ಮಾಡಿಸಲಾಗಿತ್ತು. ತಾಲೀಮು ನಡೆದಿತ್ತು. ಚಿತ್ರಹಿಂಸೆಗೆ ಬೇಸತ್ತ ಮನುಷ್ಯರು ತಮ್ಮದಲ್ಲದ ತಪ್ಪನ್ನು ಒಂದಕ್ಷರ ಬಿಡದೆ ಒಪ್ಪಿಸಿದರು, ರೇಡಿಯೋ ಅದನ್ನು ಊರಿಗೆಲ್ಲ ಕೇಳಿಸಿತು. 11 ಮಂದಿಯನ್ನು ಗಲ್ಲಿಗೇರಿಸಿದರು. ಸಿನಿಮಾದ ಕತೆಯಲ್ಲಿ ಇದೇಕೆ ಬಂತು ಎನ್ನಬೇಡಿ. ಈ ದೇಶದಲ್ಲಿ ಅಪರಾಧದ ಕತೆ ಹೇಳಹೊರಟ ಯಾವ ಕಲಾವಿದನಿಗೂ ಆ ದನಿಗಳು ಕಿವಿಯಲ್ಲಿದ್ದವು. ನ್ಯಾಯಾಲಯವೇ ನಾಟಕವಾಗಿದ್ದನ್ನು, ಆರೋಪಿಯ ನಾಲಿಗೆಯ ಮೇಲೆ ಬೇರೆಯವರ ಮಾತು ಕುಳಿತಿದ್ದನ್ನು ಇಡೀ ದೇಶ ಕೇಳಿತ್ತು.

ಇನ್ನು ಸರಕಾರ ಮೆಚ್ಚುವ ಪತ್ತೇದಾರಿ ಚಿತ್ರವಿತ್ತಲ್ಲ, ಅದರ ಕಷ್ಟ ಬೇರೆ. ಸಮಾಜವಾದ ಬಂದ ಮೇಲೆ ಅಪರಾಧಕ್ಕೆ ಕಾರಣವೇ ಇರಕೂಡದು. ಇದ್ದರೆ ಅದು ಹಳೆಯ ವ್ಯವಸ್ಥೆಯ ಪಳೆಯುಳಿಕೆ, ಇಲ್ಲವೇ ಗಡಿಯಾಚೆಯ ಕೈವಾಡ. ಪೊಲೀಸ್ ತಪ್ಪುವಂತಿಲ್ಲ. ಯಾರು ಮಾಡಿರಬಹುದು ಎಂಬ ಕುತೂಹಲಕ್ಕೇ ಅಲ್ಲಿ ಜಾಗ ಕಡಿಮೆ. ಅಪರಾಧಿಗೆ ತನ್ನದೇ ಆದ ದನಿ ಇರುವ ಪ್ರಶ್ನೆಯಂತೂ ದೂರ ಉಳಿಯಿತು. ಆ ದನಿ ಸಿಕ್ಕಿದ್ದು ಹಾಡಿನಿಂದ. ಯಾರೋ ಒಬ್ಬರು ಕುಳಿತು ಯೋಚಿಸಿ ಕಂಡುಹಿಡಿದ ಸೂತ್ರವಲ್ಲ ಇದು. ಬೇರೆ ಬೇರೆ ಕಡೆ ಏಟು ತಿಂದವರು ಬೇರೆ ಬೇರೆ ದಾರಿಯಿಂದ ಬಂದು ಒಂದೇ ಜಾಗದಲ್ಲಿ ಸೇರಿದರು.

ಏಟು ತಿಂದವರಲ್ಲಿ ವ್ರಾತಿಸ್ಲಾವ್ ಬ್ಲಾಝೆಕ್ ಒಬ್ಬ. ಅವನ ನಾಟಕವನ್ನು ಆಧರಿಸಿ ಯಾನ್ ಕಾದಾರ್ ಮತ್ತು ಎಲ್ಮರ್ ಕ್ಲೊಸ್ 1958ರಲ್ಲಿ 'ಮೂರು ವರಗಳು' ಎಂಬ ಚಿತ್ರ ಮಾಡಿದ್ದರು. ಮೂರು ವರ ಪಡೆದ ಸಾಮಾನ್ಯನೊಬ್ಬ ಸುಖ ಬೇಕೋ ನಿಜ ಹೇಳಿದ ಗೆಳೆಯ ಬೇಕೋ ಎಂದು ಇಕ್ಕಟ್ಟಿಗೆ ಸಿಕ್ಕುವ ವಿಡಂಬನೆ. 1959ರ ಫೆಬ್ರವರಿಯಲ್ಲಿ ಸ್ಲೊವಾಕಿಯದ ಬಾನ್ಸ್ಕಾ ಬಿಸ್ತ್ರಿತ್ಸಾ ಊರಿನಲ್ಲಿ ನಡೆದ ಚಲನಚಿತ್ರ ಸಮಾವೇಶದಲ್ಲಿ ಆ ಚಿತ್ರವನ್ನು ಝಾಡಿಸಿದರು. ಪ್ರದರ್ಶನ ನಿಂತಿತು, ನಿರ್ದೇಶಕರನ್ನು ಕೆಲಸದಿಂದ ದೂರವಿಟ್ಟರು. ಜನ ಅದನ್ನು ನೋಡುವಷ್ಟರಲ್ಲಿ 1963 ಬಂದಿತ್ತು. ಅಂಥ ಬ್ಲಾಝೆಕ್ ಮುಂದೆ ಬರೆದದ್ದು ಹಾಡಿನ ಚಿತ್ರ. ಲಾದಿಸ್ಲಾವ್ ರಿಖ್ಮನ್ ನಿರ್ದೇಶಿಸಿದ, 1964ರಲ್ಲಿ ಬಂದ 'ಸ್ತಾರ್ತ್ಸಿ ನ ಖ್ಮೆಲು'. ಬಿಯರಿಗೆ ಬೇಕಾದ ಹಾಪ್ ಹೂ ಬಿಡಿಸಲು ಹಳ್ಳಿಗೆ ಹೋದ ಶಾಲಾ ಹುಡುಗ ಹುಡುಗಿಯರ ಕತೆ. ಕಪ್ಪು ಉಡುಪಿನ ಮೂವರು ಗಿಟಾರ್ ಹಿಡಿದು ಆಗಾಗ ಅಡ್ಡಬಂದು ಹಾಡಿ ಹೋಗುತ್ತಾರೆ. ಪ್ರೀತಿಸಿದ ಜೋಡಿಯೊಂದರ ಮೇಲೆ ಗುಂಪು ತೀರ್ಪು ಕೊಡಲು ಕೂರುತ್ತದೆ. ಕೊನೆಗೆ ಆ ಜೋಡಿ ಗುಂಪನ್ನು ಬಿಟ್ಟು ಹೊರಟುಹೋಗುತ್ತದೆ. ಗುಂಪೇ ದೊಡ್ಡದು ಎಂದು ಹೇಳಿಕೊಟ್ಟ ದೇಶದಲ್ಲಿ ಪ್ರೇಕ್ಷಕರು ಆ ಇಬ್ಬರ ಪರವಾಗಿ ಹಾಡು ಗುನುಗುತ್ತ ಮನೆಗೆ ಹೋದರು. ಸಂಭಾಷಣೆಯಲ್ಲಿ ಹೇಳಿ ಏಟು ತಿಂದದ್ದನ್ನು ಬ್ಲಾಝೆಕ್ ಹಾಡಿನಲ್ಲಿ ಹೇಳಿ ದಾಟಿಸಿದ ಎಂಬುದು ನನ್ನ ನಂಬಿಕೆ.

ಅಷ್ಟು ಹೊತ್ತಿಗೆ ಪ್ರಾಗ್‌ನಲ್ಲಿ ಸೆಮಫೊರ್ ಎಂಬ ಪುಟ್ಟ ರಂಗತಂಡ ಮನೆಮಾತಾಗಿತ್ತು. 1959ರ ಅಕ್ಟೋಬರ್‌ನಲ್ಲಿ ಅದನ್ನು ಶುರುಮಾಡಿದವರು ಯಿರ್ಝಿ ಸುಖೀ ಮತ್ತು ಯಿರ್ಝಿ ಶ್ಲಿತ್ರ್. ಸುಖೀಯದು ಹುಲ್ಲಿನ ಟೋಪಿ, ಮುಖದಲ್ಲಿ ತುಂಟ ನಗು, ಹಾಡಿನ ಮಾತೆಲ್ಲ ಅವನದು. ಶ್ಲಿತ್ರ್ ಕಾನೂನು ಪದವೀಧರ, ಒಳ್ಳೆಯ ಚಿತ್ರಕಾರ. ಕರಿ ಬೌಲರ್ ಟೋಪಿ ಹಾಕಿ, ಕಲ್ಲಿನಂಥ ಮುಖ ಹೊತ್ತು ಪಿಯಾನೋ ಮುಂದೆ ಕೂತರೆ ರಾಗ ಮಾತ್ರ ನಗುತ್ತಿತ್ತು. ದೊಡ್ಡ ಘೋಷಣೆಗಳ ಕಾಲದಲ್ಲಿ ಇವರು ಚಿಕ್ಕ ಸಂಗತಿಗಳನ್ನು ಹಾಡಿದರು. ವೊಸ್ಕೊವೆಟ್ಸ್ ವೆರಿಖ್ ಜೋಡಿಯ ನೆನಪಿದ್ದವರಿಗೆ ಇಪ್ಪತ್ತು ವರ್ಷದ ಮೇಲೆ ಅದೇ ಪರದೆ ಮತ್ತೆ ಮೇಲೆದ್ದಂತಾಯಿತು. ಅಲ್ಲಿ ಹಾಡಿದವರ ಪಟ್ಟಿಯಲ್ಲಿ ಆ ಕಾಲದ ಚೆಕ್ ಸಂಗೀತದ ದೊಡ್ಡ ಹೆಸರುಗಳೆಲ್ಲ ಇವೆ: ವಾಲ್ಡೆಮಾರ್ ಮತುಶ್ಕಾ, ಎವಾ ಪಿಲರೋವಾ, ಹಾನಾ ಹೆಗೆರೋವಾ, ಕಾರೆಲ್ ಗೊಟ್. ಮಿಲೋಶ್ ಫೊರ್ಮನ್ ತನ್ನ ಮೊದಲ ಚಿತ್ರಗಳಲ್ಲೊಂದಾದ 'ಕೊಂಕುರ್ಸ್' ಮಾಡಿದ್ದೂ ಈ ತಂಡದ ಗಾಯಕರ ಆಯ್ಕೆಯ ಪರೀಕ್ಷೆಯನ್ನು ಕ್ಯಾಮೆರಾದಲ್ಲಿ ಹಿಡಿದೇ.

ಇದೇ 1964ರ ಅಕ್ಟೋಬರ್‌ನಲ್ಲಿ ಲೆಮನೇಡ್ ಜೋ ತೆರೆಗೆ ಬಂದ. ಬ್ರ್ದೆಚ್ಕಾನ ಕೌಬಾಯ್ ಅಷ್ಟರಲ್ಲಿ ಬಹಳ ದೂರ ನಡೆದಿದ್ದ. 40ರ ದಶಕದಲ್ಲಿ ನಾಟಕವಾಗಿ ರಂಗದ ಮೇಲೆ ಬಂದಿದ್ದ. 1949ರಲ್ಲಿ ಯಿರ್ಝಿ ತ್ರ್ನ್ಕಾ ಬ್ರ್ದೆಚ್ಕಾನ ಜೊತೆ ಸೇರಿ ಅದೇ ಲೋಕವನ್ನು 'ಹುಲ್ಲುಗಾವಲಿನ ಆರಿಯಾ' ಎಂಬ ಬೊಂಬೆ ಚಿತ್ರವಾಗಿಸಿದ್ದ. ಆ ಬೊಂಬೆ ಚಿತ್ರಕ್ಕೆ ಸಂಗೀತ ಕೊಟ್ಟ ಯಾನ್ ರಿಖ್ಲಿಕ್ ದೊಡ್ಡ ಚಿತ್ರಕ್ಕೂ ರಾಗ ಹಾಕಿದ. ಆದರೆ 1964ರ ಜನವರಿಯಲ್ಲಿ ಅವನು ತೀರಿಕೊಂಡ. ಚಿತ್ರಮಂದಿರದಲ್ಲಿ ಜನ ಆ ಹಾಡುಗಳಿಗೆ ಕುಣಿದದ್ದನ್ನು ಅವನು ನೋಡಲಿಲ್ಲ. ವ್ಲಾಸ್ತಿಮಿಲ್ ಹಾಲಾ ಅವನ ಜೊತೆಗಾರ ಸಂಗೀತಗಾರ. ನಿರ್ದೇಶಕ ಓಲ್ಡ್‌ರ್ಝಿಖ್ ಲಿಪ್ಸ್ಕಿ.

ಚಿತ್ರದ ಒಳಗೆ ಸ್ವಲ್ಪ ಹೋಗೋಣ. ಅರಿಜೋನಾದ ಸ್ಟೆಟ್ಸನ್ ಸಿಟಿ, 1885. ಟ್ರಿಗರ್ ವಿಸ್ಕಿ ಸಲೂನಿನಲ್ಲಿ ಹೊಡೆದಾಟ. ಮೇಜು ಮುರಿಯುತ್ತದೆ, ಕುರ್ಚಿ ಹಾರುತ್ತದೆ, ಬಾಟಲಿ ಒಡೆಯುತ್ತದೆ, ಅದರ ನಡುವೆ ಕೆಲವರು ಏನೂ ಆಗದವರಂತೆ ಕುಡಿಯುತ್ತ ಕೂತಿದ್ದಾರೆ. ಹೆಂಡ ಬಿಡಿ ಎಂದು ಬೋಧಿಸಲು ಬಂದ ಮುದುಕ ಎಜ್ರಾ ಗುಡ್‌ಮನ್ ಮತ್ತು ಅವನ ಮಗಳು ವಿನಿಫ್ರೆಡ್‌ಗೆ ಅಲ್ಲಿ ಸಿಗುವುದು ಅವಮಾನ. ಆಗ ಬೆಳ್ಳನೆಯ ಉಡುಪಿನಲ್ಲಿ ಜೋ ಒಳಗೆ ಬಂದು ಕೊಲಲೊಕಾ ಎಂಬ ಶರಬತ್ತು ಕೇಳುತ್ತಾನೆ. ಯಾವ ಪಾನೀಯದ ಹೆಸರನ್ನು ತಿರುಚಿದ್ದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರಕ್ಕೆ ಒಂದೊಂದು ದೃಶ್ಯಕ್ಕೆ ಒಂದೊಂದು ಬಣ್ಣ ಹಚ್ಚಿದ್ದಾರೆ, ಮೂಕಿ ಚಿತ್ರಗಳ ಕಾಲದಲ್ಲಿ ಮಾಡುತ್ತಿದ್ದ ಹಾಗೆ. ಒಮ್ಮೆ ಎಲ್ಲವೂ ಹಳದಿ, ಒಮ್ಮೆ ಬೇರೆ ಛಾಯೆ. ಹೊಡೆದಾಟ ಬಂದರೆ ಓಟ ಇದ್ದಕ್ಕಿದ್ದಂತೆ ಚುರುಕಾಗುತ್ತದೆ. ಜೋ ಪಾತ್ರದ ಕಾರೆಲ್ ಫಿಯಾಲಾ ಆಪೆರೆಟ್ಟಾ ರಂಗದಿಂದ ಬಂದವನು. ಗಂಭೀರವಾದ ಮುಖ ಇಟ್ಟುಕೊಂಡು ನಟಿಸುವುದು ಹೇಗೆಂದು ಅವನಿಗೆ ಗೊತ್ತಿತ್ತು.

ಆದರೆ ಚಿತ್ರವನ್ನು ಕದ್ದವನು ಖಳ. ಸಲೂನಿನ ಮಾಲೀಕ ಡಗ್ ಬ್ಯಾಡ್‌ಮನ್‌ನ ತಮ್ಮ ಹೊರಾಸ್, ಹೊಗೊಫೊಗೊ ಎಂಬ ಅಡ್ಡಹೆಸರಿನವನು, ವೇಷ ಬದಲಿಸುವ ಚತುರ. ಮಿಲೋಶ್ ಕೊಪೆಟ್ಸ್ಕಿ ಆ ಪಾತ್ರವನ್ನು ಎಷ್ಟು ಸವಿದು ಮಾಡಿದ್ದಾನೆಂದರೆ ಅವನು ತೆರೆಗೆ ಬಂದೊಡನೆ ಪ್ರೇಕ್ಷಕನಿಗೆ ನ್ಯಾಯದ ಕಡೆ ನಿಲ್ಲಲು ಮನಸ್ಸಾಗುವುದಿಲ್ಲ. ಸಲೂನಿನ ಗಾಯಕಿ ಟೊರ್ನಾಡೊ ಲೂ ಪಾತ್ರದಲ್ಲಿ ಕ್ವೇತಾ ಫಿಯಾಲೊವಾ ನಟಿಸಿದ್ದಾಳೆ, ಹಾಡಿದವಳು ಇವೆತ್ತಾ ಸಿಮೊನೊವಾ. ಹೊಗೆ ತುಂಬಿದ ಬಾರಿನಲ್ಲಿ ಅವಳು ಹಾಡುವಾಗ ಪಾಪದ ಊರಿಗೂ ಒಂದು ಎದೆ ಇದೆ ಅನ್ನಿಸುತ್ತದೆ. ಈ ಬಗೆಯ ಸಿನಿಮಾದ ಜೀವ ಇಲ್ಲಿದೆ: ತಪ್ಪಿತಸ್ಥ ಅನ್ನಿಸಿಕೊಂಡವರ ಕೈಗೆ ಚೆಂದದ ಹಾಡು ಕೊಟ್ಟುಬಿಡುವುದು. ಹಾಡಿದವನನ್ನು ದ್ವೇಷಿಸುವುದು ಕಷ್ಟ. ಸಂಭಾಷಣೆಯಲ್ಲಿ ಅವನನ್ನು ವಿಚಾರಣೆ ಮಾಡಬಹುದು, ಹಾಡಿನ ಮೂರು ನಿಮಿಷ ಮಾತ್ರ ಅವನದೇ. ಅಡ್ಡಬರಲು ಯಾರಿಗೂ ಆಗುವುದಿಲ್ಲ.

ಕೊನೆ ಇನ್ನೂ ಮಜವಾಗಿದೆ. ಸತ್ತವರೆಲ್ಲ ಕೊಲಲೊಕಾ ಕುಡಿದು ಎದ್ದು ಕೂರುತ್ತಾರೆ. ಜೋ, ಹೊಗೊಫೊಗೊ, ಡಗ್, ಲೂ ನಾಲ್ವರೂ ಒಡಹುಟ್ಟಿದವರೆಂದು ಗೊತ್ತಾಗುತ್ತದೆ. ಜೋ ಅಸಲಿಗೆ ಶರಬತ್ತಿನ ಕಂಪನಿಯ ಮಾರಾಟಗಾರ. ಒಳ್ಳೆಯವರೂ ಕೆಟ್ಟವರೂ ಒಂದಾಗಿ ವಿಸ್ಕಿಯನ್ನೂ ಶರಬತ್ತನ್ನೂ ಬೆರೆಸಿ ವಿಸ್ಕೊಲಾ ಎಂಬ ಹೊಸ ಸರಕು ಬಿಡುತ್ತಾರೆ. ಕುಡುಕನೂ ಗಿರಾಕಿ, ಕುಡಿಯದವನೂ ಗಿರಾಕಿ. ಅಧಿಕಾರಿಗಳು ಇದನ್ನು ಬಂಡವಾಳಶಾಹಿಯ ಲೇವಡಿ ಎಂದು ನೋಡಿ ತಲೆದೂಗಬಹುದಿತ್ತು, ಅದು ನಿಜವೂ ಹೌದು. ನೋಡುವ ಜನಕ್ಕೆ ಮಾತ್ರ ವರ್ಷಗಟ್ಟಲೆ ಕೈಗೆ ಸಿಗದೆ ಹೋಗಿದ್ದ ಕೌಬಾಯ್ ಕತೆ, ಕುದುರೆ, ಪಿಸ್ತೂಲು, ಜಾಝ್ ಎಲ್ಲ ಒಂದೇ ಟಿಕೆಟ್ಟಿಗೆ ಸಿಕ್ಕಿಬಿಟ್ಟಿತು. ಆಡಳಿತದ ಕಡೆಯವರೂ ವಿರೋಧದ ಕಡೆಯವರೂ ಕೊನೆಗೆ ಒಂದೇ ಅಂಗಡಿಯ ಪಾಲುದಾರರಾಗುವ ಕತೆ ಯಾವ ದೇಶದಲ್ಲಿ ಹೇಳಿದರೂ ಯಾರಿಗೋ ಚುಚ್ಚುತ್ತದೆ.

ಇಷ್ಟಾದರೂ ಲೆಮನೇಡ್ ಜೋನ ಊರು ಅಮೆರಿಕ. ಆ ಕತೆಯನ್ನು ಮನೆಗೆ ತರುವ ಕೆಲಸ ಯೊಸೆಫ್ ಶ್ಕ್ವೊರೆಟ್ಸ್ಕಿಗೆ ಬಿತ್ತು. ನಾಖೊದ್ ಎಂಬ ಗಡಿಯೂರಿನವನು, ಸ್ಯಾಕ್ಸೊಫೋನ್ ಪ್ರಿಯ. ಅವನ 'ಹೇಡಿಗಳು' ಕಾದಂಬರಿ 1958ರ ಕೊನೆಯಲ್ಲಿ ಬಂತು. ಯುದ್ಧದ ಕೊನೆಯ ದಿನಗಳಲ್ಲಿ ಹುಡುಗಿಯರನ್ನೂ ಜಾಝನ್ನೂ ಧ್ಯಾನಿಸುವ ಹುಡುಗ ಅದರ ನಾಯಕ. ಕೆಲವೇ ವಾರಗಳಲ್ಲಿ ಪತ್ರಿಕೆಗಳು ಮೇಲೆಬಿದ್ದವು, ಪುಸ್ತಕ ಅಂಗಡಿಯಿಂದ ಮಾಯವಾಯಿತು, ಅವನ ಸಂಪಾದಕ ಹುದ್ದೆಯೂ ಹೋಯಿತು. ತನ್ನ ಹೆಸರಿನಲ್ಲಿ ಕಾದಂಬರಿ ಬರೆಯುವುದು ಕಷ್ಟವಾದಾಗ ಅವನು ಗೆಳೆಯ, ಕವಿ, ಅನುವಾದಕ ಯಾನ್ ಜಾಬ್ರಾನಾನ ಜೊತೆ ಕೂತು ಪತ್ತೇದಾರಿ ಬರೆದ. 1962ರಿಂದ 1967ರ ನಡುವೆ ಮೂರು ಕಾದಂಬರಿ ಬಂದವು. ಮುಖಪುಟದ ಮೇಲೆ ಜಾಬ್ರಾನಾನ ಹೆಸರೊಂದೇ. ಆದರೆ ಅವುಗಳಲ್ಲೊಂದರ ಅಧ್ಯಾಯಗಳ ಮೊದಲಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಲ್ಯಾಟಿನ್ ವಾಕ್ಯವೊಂದು ಮೂಡುತ್ತದೆ: ಶ್ಕ್ವೊರೆಟ್ಸ್ಕಿ ಮತ್ತು ಜಾಬ್ರಾನಾ ಈ ತಮಾಷೆ ಮಾಡಿದರು ಎಂಬರ್ಥದ್ದು. ಕೊಲೆಗಾರನ ಸುಳಿವು ಕತೆಯೊಳಗೆ, ಲೇಖಕನ ಸುಳಿವು ಪುಸ್ತಕದೊಳಗೆ. ಮರೆಸಿದ ಹೆಸರನ್ನು ಓದುಗನೇ ಪತ್ತೆಹಚ್ಚಬೇಕು. ಪತ್ತೇದಾರಿ ಕಲೆಯನ್ನು ಬದುಕಿನಲ್ಲಿ ಇಷ್ಟು ಚೆನ್ನಾಗಿ ಬಳಸಿಕೊಂಡ ಇನ್ನೊಬ್ಬ ಲೇಖಕನನ್ನು ನಾನು ಕಂಡಿಲ್ಲ.

1966ರಲ್ಲಿ ತನ್ನ ಹೆಸರಿನಲ್ಲೇ ಅವನು 'ಲೆಫ್ಟಿನೆಂಟ್ ಬೊರೂಫ್ಕಾನ ದುಗುಡ' ಎಂಬ ಕಥಾಸಂಕಲನ ತಂದ. ಬೊರೂಫ್ಕಾ ಪ್ರಾಗ್‌ನ ಪೊಲೀಸ್ ಅಧಿಕಾರಿ, ಆದರೆ ಸರಕಾರಿ ಚಿತ್ರಗಳ ಎದೆಯುಬ್ಬಿಸಿದ ಅಧಿಕಾರಿಯಲ್ಲ. ಪ್ರತಿ ಕೊಲೆಯೂ ಅವನನ್ನು ನೋಯಿಸುತ್ತದೆ, ಅಪರಾಧಿ ಸಿಕ್ಕಿಬಿದ್ದಾಗ ಅವನಿಗೆ ಸಂತೋಷವಾಗುವುದಿಲ್ಲ. ಶ್ಕ್ವೊರೆಟ್ಸ್ಕಿಯ ಪತ್ತೇದಾರಿ ಕತೆಗಳಲ್ಲಿ ಮೂರನ್ನು ಆಧರಿಸಿ ಮೂವರು ನಿರ್ದೇಶಕರು ಸೇರಿ 'ಹುಡುಗಿಯರ ಶಾಲೆಯಲ್ಲೊಂದು ಅಪರಾಧ' ಎಂಬ ಚಿತ್ರ ಮಾಡಿದರು. ಒಬ್ಬ ಹಾಪ್ ತೋಟದ ಹಾಡಿನ ರಿಖ್ಮನ್. ಇನ್ನೊಬ್ಬ ಆಗಷ್ಟೇ ಕಣ್ಣುಬಿಡುತ್ತಿದ್ದ ಯಿರ್ಝಿ ಮೆಂಜೆಲ್. ಹಾಡಿನ ದಾರಿ, ಪತ್ತೇದಾರಿಯ ದಾರಿ ಅಲ್ಲಿ ಒಂದಕ್ಕೊಂದು ಅಡ್ಡಹಾದವು.

1968ರ ಏಪ್ರಿಲ್‌ನಲ್ಲಿ ಮೆಂಜೆಲ್‌ಗೆ ಆಸ್ಕರ್ ಬಂತು, ಬೊಹುಮಿಲ್ ಹ್ರಬಲ್‌ನ ಕತೆಯ 'ಕ್ಲೋಸ್ಲಿ ವಾಚ್ಡ್ ಟ್ರೇನ್ಸ್' ಚಿತ್ರಕ್ಕೆ. ಅವನಿಗೆ 30 ವರ್ಷ. ಅದೇ ವರ್ಷ ಅವನೂ ಶ್ಕ್ವೊರೆಟ್ಸ್ಕಿಯೂ ಚಿತ್ರಕತೆ ಬರೆದು, ಸೆಮಫೊರ್‌ನ ಸುಖೀ, ಶ್ಲಿತ್ರ್ ಮತ್ತು ಎವಾ ಪಿಲರೋವಾಳನ್ನು ಕರೆತಂದು, ಶ್ಲಿತ್ರ್‌ನಿಂದ ಸಂಗೀತ ಮಾಡಿಸಿ, 'ಜ್ಲೊಚಿನ್ ಫ್ ಶಾಂತಾನು' ಚಿತ್ರ ತೆಗೆದರು. ಹೆಸರಿನ ಅರ್ಥ ಕ್ಯಾಬರೆಯಲ್ಲೊಂದು ಅಪರಾಧ. ಜಾತ್ರೆಯ ಕೊಲೆಹಾಡು, ವಿಮುಕ್ತ ರಂಗಭೂಮಿಯ ಜೋಡಿ ವಿದೂಷಕರು, ಬ್ರ್ದೆಚ್ಕಾನ ಅಗ್ಗದ ಕಾದಂಬರಿ, ಬ್ಲಾಝೆಕ್‌ನ ಹಾಡಿನ ಉಪಾಯ, ಬೊರೂಫ್ಕಾನ ದುಗುಡ, ಎಲ್ಲವೂ ಬಂದು ಕೂಡಿದ ಹೊಳೆ ಇದು. ಕ್ಯಾಬರೆಯ ಗಾಯಕಿ, ಒಂದು ಕೊರಳಹಾರ, ನ್ಯಾಯಮಂತ್ರಿ. ಹಳೆಯ ಕಾಲದ ಉಡುಪು, ಹಳೆಯ ಕಾಲದ ಹಾಡು. ಸುಖೀ ಮತ್ತು ಶ್ಲಿತ್ರ್ ತಮ್ಮ ಮಾಮೂಲಿ ಜೋಡಿ ವೇಷದಲ್ಲಿ ಮೋಸದ ಲೋಕದೊಳಗೆ ಓಡಾಡುತ್ತಾರೆ, ಎಲ್ಲರೂ ಹಾಡುತ್ತಾರೆ, ಕೊನೆಯಲ್ಲಿ ಗಲ್ಲುಗಂಬ ಕಾದಿದೆ.

ಪತ್ತೇದಾರಿ ಕತೆಯ ಕಟ್ಟಳೆಯಂತೆ ಕೊನೆಯ ಪುಟದಲ್ಲಿ ನ್ಯಾಯ ಬರಬೇಕು. ಇಲ್ಲಿ ನ್ಯಾಯಮಂತ್ರಿಯೇ ಅಪರಾಧದ ನಡುವೆ ನಿಂತಿದ್ದಾನೆ. ಆಮೇಲೆ ನ್ಯಾಯ ಬರಬೇಕಾದ್ದೆಲ್ಲಿಂದ? ಈ ಪ್ರಶ್ನೆಯನ್ನು ಗಂಭೀರ ಚಿತ್ರವೊಂದರಲ್ಲಿ ಕೇಳಿದ್ದರೆ ಅದು ಭಾಷಣವಾಗುತ್ತಿತ್ತು. ಕುಣಿತದ ನಡುವೆ ಕೇಳಿದ್ದರಿಂದ ಅದು ನೋಡುಗನ ಎದೆಗೇ ಹೋಗಿ ಕೂತಿತು. ಆಡಳಿತದ ಬಿಗಿ ಸಡಿಲಗೊಂಡ 1968ರ ವಸಂತದಲ್ಲಿ ಪತ್ರಿಕೆಗಳು 50ರ ದಶಕದ ಕಟ್ಟುಕತೆ ವಿಚಾರಣೆಗಳ ಬಗ್ಗೆ ಬಾಯಿಬಿಟ್ಟು ಬರೆಯುತ್ತಿದ್ದವು. ಗಲ್ಲಿಗೇರಿದವರ ಹೆಂಡತಿ ಮಕ್ಕಳು ಇನ್ನೂ ಬದುಕಿದ್ದರು. ಬಾಯಿಪಾಠ ಒಪ್ಪಿಸಿ ಸತ್ತವರ ನೆನಪಿರುವ ಊರಿನಲ್ಲಿ, ಗಲ್ಲಿಗೆ ಹೋಗುವವನು ತನ್ನ ಹಾಡನ್ನು ತಾನೇ ಹಾಡುವುದನ್ನು ತೆರೆಯ ಮೇಲೆ ತೋರಿಸಿದ್ದು ಸಣ್ಣ ಮಾತಲ್ಲ. ವಿಮರ್ಶಕರು ಮೆಂಜೆಲ್‌ನ ಚಿತ್ರಗಳ ಸಾಲಿನಲ್ಲಿ ಇದನ್ನು ಸಾಮಾನ್ಯವಾಗಿ ಹಗುರ ಕೃತಿಯೆಂದು ಬದಿಗಿಡುತ್ತಾರೆ. ಆ ಸಾಲಿನಲ್ಲಿ ನಾನು ಇದನ್ನು ಬಹಳ ಮುಂದಕ್ಕೆ ತಂದು ನಿಲ್ಲಿಸುತ್ತೇನೆ.

ಚಿತ್ರ ಬಿಡುಗಡೆಯಾದದ್ದು 1968ರ ನವೆಂಬರ್ 1ರಂದು. ಆಗಸ್ಟ್ 21ರಂದೇ ಸೋವಿಯತ್ ನೇತೃತ್ವದ ಸೇನೆಗಳು ದೇಶದೊಳಗೆ ಬಂದಿದ್ದವು. ಬೀದಿಯಲ್ಲಿ ಟ್ಯಾಂಕು ನೋಡಿದ ಜನ ಚಿತ್ರಮಂದಿರದಲ್ಲಿ ಕೂತು ಈ ಹಾಡುಗಳನ್ನು ಕೇಳಿದರು. ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಶ್ಕ್ವೊರೆಟ್ಸ್ಕಿ 1969ರ ಆರಂಭದಲ್ಲಿ ಕೆನಡಾಗೆ ಹೋದ. ಬ್ಲಾಝೆಕ್ ಜರ್ಮನಿಗೆ ಹೋಗಿ 1973ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡ. ಶ್ಲಿತ್ರ್ 1969ರ ಡಿಸೆಂಬರ್ 26ರಂದು ತನ್ನ ಚಿತ್ರಶಾಲೆಯಲ್ಲಿ ಅನಿಲ ಸೋರಿಕೆಯಿಂದ ಸತ್ತ, 45 ವರ್ಷ. ಮೆಂಜೆಲ್‌ನ ಮುಂದಿನ ಚಿತ್ರ 'ದಾರದ ಮೇಲಿನ ಬಾನಾಡಿಗಳು' ಡಬ್ಬಿಯೊಳಗೆ ಉಳಿದು, 1990ರಲ್ಲಿ ಹೊರಬಂದು ಬರ್ಲಿನ್ನಿನಲ್ಲಿ ಗೋಲ್ಡನ್ ಬೇರ್ ಗೆದ್ದಿತು.

70ರ ದಶಕದಲ್ಲಿ ಸರಕಾರ ತನ್ನದೇ ಅಪರಾಧ ಕಥನವನ್ನು ಟಿವಿಗೆ ತಂದಿತು. ಪೊಲೀಸ್ ಪಡೆಯ ಹಿರಿಮೆ ಸಾರುವ 'ಮೇಜರ್ ಜೆಮಾನ್‌ನ 30 ಪ್ರಕರಣಗಳು'. ಅದರ 'ಮಿಮಿಕ್ರಿ' ಎಂಬ ಕಂತಿನಲ್ಲಿ ಉದ್ದ ಕೂದಲಿನ ರಾಕ್ ಸಂಗೀತಗಾರರು ವಿಮಾನ ಅಪಹರಿಸುವ ಪಾತಕಿಗಳು. ಅದಕ್ಕೆ ಸ್ವಲ್ಪ ಹಿಂದೆ, 1976ರಲ್ಲಿ, ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್ ಎಂಬ ರಾಕ್ ತಂಡದವರನ್ನೂ ಅವರ ಗೆಳೆಯರನ್ನೂ ನಿಜವಾದ ನ್ಯಾಯಾಲಯ ಜೈಲಿಗೆ ಕಳಿಸಿತ್ತು. ಚಾರ್ಟರ್ 77 ಎಂಬ ಮಾನವ ಹಕ್ಕುಗಳ ಚಳವಳಿ ಹುಟ್ಟಿದ್ದು ಆ ವಿಚಾರಣೆಯ ಬಿಸಿಯಲ್ಲಿ. ಹಾಡು ಆರೋಪಿಯ ರಕ್ಷಣೆಗೆ ನಿಲ್ಲುತ್ತದೆ ಎಂದು 60ರ ದಶಕ ಕಂಡುಕೊಂಡಿದ್ದರೆ, ಈಗ ಹಾಡುವುದೇ ಆರೋಪವಾಯಿತು.

ಆ ದಿನಗಳಲ್ಲೇ, 1978ರಲ್ಲಿ, ಬ್ರ್ದೆಚ್ಕಾ ಮತ್ತು ಲಿಪ್ಸ್ಕಿ ಮತ್ತೆ ಕೈಜೋಡಿಸಿದರು. ಚಿತ್ರದ ಹೆಸರು 'ಅಡೇಲಾಳ ರಾತ್ರಿಯೂಟ ಇನ್ನೂ ಆಗಿಲ್ಲ'. ಅಮೆರಿಕದ ಅಗ್ಗದ ಕಾದಂಬರಿಗಳ ಪತ್ತೇದಾರ ನಿಕ್ ಕಾರ್ಟರ್ ಹಳೆಯ ಪ್ರಾಗ್‌ಗೆ ಬರುತ್ತಾನೆ, ಕುಲೀನ ಮನೆತನದಿಂದ ಕಾಣೆಯಾದ ಗೆರ್ಟ್‌ನನ್ನು ಹುಡುಕಲು. ಗೆರ್ಟ್ ಎಂದರೆ ನಾಯಿ. ಸ್ಥಳೀಯ ಕಮಿಷನರ್ ಲೆದ್ವಿನಾ ಪಾತ್ರದಲ್ಲಿ ರುಡಾಲ್ಫ್ ಹ್ರುಶಿನ್ಸ್ಕಿ, ಬಿಯರು ಊಟ ಬಿಟ್ಟರೆ ಬೇರೆ ಆತುರವಿಲ್ಲದ ಮನುಷ್ಯ. 1968ರಲ್ಲಿ 'ಎರಡು ಸಾವಿರ ಪದಗಳು' ಎಂಬ ಸುಧಾರಣೆಯ ಪರವಾದ ಪ್ರಣಾಳಿಕೆಗೆ ಸಹಿ ಹಾಕಿದ್ದಕ್ಕೆ ಹ್ರುಶಿನ್ಸ್ಕಿ ಕೆಲವು ವರ್ಷ ತೆರೆಯಿಂದ ದೂರವಿರಬೇಕಾಗಿತ್ತು. ಖಳ ಮತ್ತೆ ಕೊಪೆಟ್ಸ್ಕಿ, ಈ ಸಲ ಸಸ್ಯಶಾಸ್ತ್ರಜ್ಞ. ಅವನ ಆಯುಧ ಅಡೇಲಾ ಎಂಬ ಮಾಂಸಾಹಾರಿ ಗಿಡ. ಗಿಡವನ್ನು ಬೊಂಬೆಯಾಟದ ಚಳಕದಲ್ಲಿ ಜೀವಂತಗೊಳಿಸಿದವನು ಯಾನ್ ಶ್ವಾಂಕ್‌ಮಾಯೆರ್. ತನ್ನ ಸ್ವಂತ ಚಿತ್ರಗಳನ್ನು ಮಾಡಲು ಆಗ ಅವನಿಗೆ ಅವಕಾಶವಿರಲಿಲ್ಲ, ಹಾಗಾಗಿ ಬೇರೆಯವರ ಚಿತ್ರಗಳಿಗೆ ಕೈಚಳಕ ಕೊಡುತ್ತಿದ್ದ. ಅಡೇಲಾಗೆ ಹಸಿವಾಗುವುದು ಒಂದು ರಾಗ ಕೇಳಿದಾಗ: ಮೊಜಾರ್ಟನದೆಂದು ಹೆಸರಾದ ಜೋಗುಳ. ಆ ಜೋಗುಳ ಮೊಜಾರ್ಟನದಲ್ಲವೆಂದು ಸಂಗೀತ ಇತಿಹಾಸಕಾರರು ಈಗ ಹೇಳುತ್ತಾರೆ. ಕೂಸನ್ನು ಮಲಗಿಸುವ ಹಾಡು ಇಲ್ಲಿ ಮನುಷ್ಯನನ್ನು ನುಂಗುವ ಗಿಡವನ್ನು ಎಬ್ಬಿಸುತ್ತದೆ. ರಾಜಕೀಯದ ಒಂದು ಮಾತೂ ಇಲ್ಲದ ಈ ಚಿತ್ರ ಲೆಮನೇಡ್ ಜೋನಷ್ಟು ಹರಿತವಾಗಿಲ್ಲ, ಆದರೂ ಆ ಬರಗಾಲದಲ್ಲಿ ಹಾಡು, ಕೊಲೆ, ನಗು ಮೂರನ್ನೂ ಬಿಡದೆ ಹಿಡಿದುಕೊಂಡಿದ್ದಕ್ಕೆ ನಾನು ಅದಕ್ಕೆ ಋಣಿ.

ಶ್ಕ್ವೊರೆಟ್ಸ್ಕಿ ದೂರದ ಟೊರಾಂಟೊದಲ್ಲಿ ಇದೇ ಎಳೆಯನ್ನು ಬೇರೆ ಕಡೆಗೆ ನೂತ. ಹೆಂಡತಿ ಜ್ದೆನಾ ಸಾಲಿವರೋವಾಳ ಜೊತೆ 1971ರಲ್ಲಿ 68 ಪಬ್ಲಿಷರ್ಸ್ ಎಂಬ ಚೆಕ್ ಪ್ರಕಾಶನ ಕಟ್ಟಿ, 1973ರಲ್ಲಿ 'ಫಾದರ್ ನಾಕ್ಸ್‌ಗಾಗಿ ಪಾಪಗಳು' ಎಂಬ ಸಂಕಲನ ತಂದ. ಇಂಗ್ಲಿಷ್ ಪಾದ್ರಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಬರೆಯುವವರಿಗೆ ಹತ್ತು ಕಟ್ಟಳೆ ಹಾಕಿಕೊಟ್ಟಿದ್ದ. ಶ್ಕ್ವೊರೆಟ್ಸ್ಕಿಯ ಹತ್ತು ಕತೆಗಳು ಒಂದೊಂದೂ ಒಂದೊಂದು ಕಟ್ಟಳೆಯನ್ನು ಮುರಿಯುತ್ತವೆ. ನಾಯಕಿ ಇವ್ ಆಡಮ್, ಪ್ರಾಗ್‌ನ ನೈಟ್‌ಕ್ಲಬ್ ಗಾಯಕಿ. ಹಿಂದಿನ ಸಂಕಲನದಲ್ಲಿ ಮಾಡದ ಕೊಲೆಗೆ ಶಿಕ್ಷೆ ಪಡೆದವಳು ಅವಳೇ. ಮೊದಲ ಕತೆಯಲ್ಲಿ ಬೊರೂಫ್ಕಾ ಅವಳು ನಿರಪರಾಧಿ ಎಂದು ತೋರಿಸಿಕೊಡುತ್ತಾನೆ. ಆಮೇಲೆ ಅವಳು ಹಾಡಲು ಊರೂರು ದೇಶ ದೇಶ ತಿರುಗುತ್ತ, ಎದುರಾದ ಕೊಲೆಗಳನ್ನು ತಾನೇ ಬಿಡಿಸುತ್ತ ಹೋಗುತ್ತಾಳೆ. ಗಡಿ ತೆರೆದ ಮೇಲೆ, 1992ರಲ್ಲಿ, ದುಶಾನ್ ಕ್ಲೈನ್ ಆ ಹತ್ತು ಕತೆಗಳನ್ನು ಟಿವಿ ಧಾರಾವಾಹಿಯಾಗಿ ತೆಗೆದ.